ಬೆನ್ನ ಮೇಲೆ ಮನೆ ಹೊರುವ ಟ್ರಕ್ಕು

ಅಮೆರಿಕದ ಹೆದ್ದಾರಿಗಳಲ್ಲಿ, ಅದರಲ್ಲೂ ರಾಕಿ ಪರ್ವತಗಳನ್ನು ದಾಟಿ ಪಶ್ಚಿಮಕ್ಕೆ ಹೋದಂತೆಲ್ಲ, ಒಂದು ವಿಶಿಷ್ಟ ವಾಹನ ಆಗಾಗ ಎದುರಾಗುತ್ತದೆ. ಕೆಳಗಿನಿಂದ ನೋಡಿದರೆ ಮಾಮೂಲಿ ಪಿಕಪ್ ಟ್ರಕ್ಕು. ಕತ್ತೆತ್ತಿ ನೋಡಿದರೆ ಅದರ ತೊಟ್ಟಿಯಲ್ಲಿ ಒಂದು ಪುಟ್ಟ ಮನೆ ಕೂತಿದೆ. ಒಳಗೆ ಒಲೆ, ಸಿಂಕು, ಫ್ರಿಜ್ಜು, ಕೆಲವದರಲ್ಲಿ ಬಚ್ಚಲೂ ಇರುತ್ತದೆ. ಡ್ರೈವರ್‌ನ ತಲೆಯ ಮೇಲಕ್ಕೆ ಚಾಚಿಕೊಂಡ ಅಟ್ಟದಲ್ಲಿ ಇಬ್ಬರು ಮಲಗುವ ಹಾಸಿಗೆ. ಇದನ್ನು ಟ್ರಕ್ ಕ್ಯಾಂಪರ್ ಎನ್ನುತ್ತಾರೆ. ಹಿಂದೆ ಕೊಂಡಿ ಹಾಕಿ ಎಳೆಯುವ ಟ್ರೇಲರ್ ಇದಲ್ಲ. ಕಾರ್ಖಾನೆಯಿಂದಲೇ ಒಂದಾಗಿ ಬರುವ ಮೋಟರ್‌ಹೋಮೂ ಅಲ್ಲ. ನಾಲ್ಕು ಮೂಲೆಯ ಜ್ಯಾಕುಗಳ ಮೇಲೆ ನಿಂತ ಮನೆಯ ಅಡಿಗೆ ಟ್ರಕ್ಕನ್ನು ಹಿಮ್ಮುಖವಾಗಿ ತಂದು, ಮನೆಯನ್ನು ತೊಟ್ಟಿಗಿಳಿಸಿ, ಬಿಗಿದು ಕಟ್ಟಿ ಹೊರಡುತ್ತಾರೆ. ಬೇಡವಾದಾಗ ಇಳಿಸಿಟ್ಟು ಟ್ರಕ್ಕನ್ನು ಸಂತೆಗೋ ಕೆಲಸಕ್ಕೋ ಒಯ್ಯುತ್ತಾರೆ.

1960ರಲ್ಲಿ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ತಮ್ಮ ನಾಯಿ ಚಾರ್ಲಿಯೊಂದಿಗೆ ಅಮೆರಿಕ ಸುತ್ತಿದ್ದು ಇಂಥದೇ ವಾಹನದಲ್ಲಿ. ಮುಕ್ಕಾಲು ಟನ್ ವರ್ಗದ ಜಿಎಂಸಿ ಪಿಕಪ್ಪು, ಅದರ ಮೇಲೊಂದು ಕ್ಯಾಂಪರ್. ಡಾನ್ ಕ್ವಿಕ್ಸೋಟನ ಕುದುರೆಯ ನೆನಪಿಗೆ ಅದಕ್ಕೆ ರೋಸಿನಾಂಟೆ ಎಂದು ಹೆಸರಿಟ್ಟಿದ್ದರು. ಆ ಪಯಣದ ಕಥನ ‘ಟ್ರಾವೆಲ್ಸ್ ವಿತ್ ಚಾರ್ಲಿ’ 1962ರಲ್ಲಿ ಪ್ರಕಟವಾಯಿತು. ಆ ಟ್ರಕ್ಕು ಈಗಲೂ ಕ್ಯಾಲಿಫೋರ್ನಿಯಾದ ಸಲಿನಾಸ್ ಊರಿನ ನ್ಯಾಷನಲ್ ಸ್ಟೈನ್‌ಬೆಕ್ ಸೆಂಟರ್‌ನಲ್ಲಿದೆ. ಒಬ್ಬ ಲೇಖಕ, ಒಂದು ನಾಯಿ, ಒಂದು ಪುಟ್ಟ ಕ್ಯಾಂಪರ್. ಅಷ್ಟಕ್ಕೇ ಅವರು ಮುಕ್ಕಾಲು ಟನ್ನಿನ ಗಟ್ಟಿ ಗಾಡಿಯನ್ನು ಆರಿಸಿದ್ದರು. ಈ ವಿದ್ಯೆಯ ತಿರುಳು ಆ ಆಯ್ಕೆಯಲ್ಲೇ ಇದೆ. ನೋಡುವವರಿಗೆ ಕಾಣುವುದು ಮನೆಯ ಚಂದ. ಬಲ್ಲವರು ಮೊದಲು ನೋಡುವುದು ಆ ಮನೆಯ ತೂಕ ಎಲ್ಲಿ ಕೂತಿದೆ, ಯಾವುದರ ಮೇಲೆ ಕೂತಿದೆ ಎಂಬುದನ್ನು.

ಮೊದಲು ಮನೆ, ಆಮೇಲೆ ಟ್ರಕ್ಕು

ಈ ದಾರಿಯಲ್ಲಿ ಪಳಗಿದವರು ಹೊಸಬರಿಗೆ ಹೇಳುವ ಮೊದಲ ಮಾತು: ಕ್ಯಾಂಪರ್ ಯಾವುದೆಂದು ನಿರ್ಧರಿಸಿ, ಅದನ್ನು ಹೊರಬಲ್ಲ ಟ್ರಕ್ಕನ್ನು ಆಮೇಲೆ ಹುಡುಕಿ. ಹೆಚ್ಚಿನವರು ಮಾಡುವುದು ಇದರ ತಿರುವುಮುರುವು. ಮನೆ ಮುಂದೆ ಹೇಗೂ ಒಂದು ಪಿಕಪ್ ನಿಂತಿದೆ, ಅದಕ್ಕೊಂದು ಕ್ಯಾಂಪರ್ ತಂದರಾಯಿತು ಎಂದುಕೊಳ್ಳುತ್ತಾರೆ. ಹಾಗೆ ಹೊರಟವರು ಟ್ರಕ್ಕಿನ ಶಕ್ತಿಗೆ ತಕ್ಕ ಮನೆಯನ್ನಲ್ಲ, ಮನಸ್ಸಿಗೆ ಹಿಡಿಸಿದ ಮನೆಯನ್ನು ತರುತ್ತಾರೆ.

ಕ್ಯಾಂಪರ್‌ಗಳಲ್ಲಿ ಹಗುರ, ಭಾರ ಎರಡೂ ಇವೆ. ಕ್ಯಾಲಿಫೋರ್ನಿಯಾದ ಫೋರ್ ವೀಲ್ ಕ್ಯಾಂಪರ್ಸ್ ತಯಾರಿಸುವಂಥ, ನಿಲ್ಲಿಸಿದಾಗ ಛಾವಣಿ ಎತ್ತಿಕೊಳ್ಳುವ ಪಾಪ್-ಅಪ್ ಮಾದರಿಗಳು ಹಗುರ. ಗಾಳಿಗೆ ಒಡ್ಡಿಕೊಳ್ಳುವ ಮೈಯೂ ಕಡಿಮೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಾರ್ದರ್ನ್ ಲೈಟ್ ಕಂಪನಿ ಫೈಬರ್‌ಗ್ಲಾಸ್‌ನ ಎರಡು ಚಿಪ್ಪುಗಳನ್ನು ಬೆಸೆದು ಗಟ್ಟಿ ಗೋಡೆಯ ಕ್ಯಾಂಪರ್ ಕಟ್ಟುತ್ತದೆ. ಆರೆಗಾನ್‌ನ ಹೋಸ್ಟ್ ಕಂಪನಿಯ ದೊಡ್ಡ ಮಾದರಿಗಳಲ್ಲಿ ಗೋಡೆಯೇ ಹೊರಕ್ಕೆ ಸರಿದು ಕೋಣೆ ಹಿಗ್ಗುತ್ತದೆ. ಸುಖ ಹೆಚ್ಚಿದಂತೆ ತೂಕವೂ ಹೆಚ್ಚುತ್ತದೆ. ಹೊರಕ್ಕೆ ಸರಿಯುವ ಒಂದೊಂದು ಗೋಡೆಯೂ ತನ್ನ ಮೋಟರು, ಹಳಿ, ಚೌಕಟ್ಟುಗಳ ಭಾರವನ್ನು ಜೊತೆಗೆ ತರುತ್ತದೆ.

ಕಂಪನಿಯ ಕೈಪಿಡಿಯಲ್ಲಿ ಅಚ್ಚಾಗುವುದು ಒಣ ತೂಕ, ಅಂದರೆ ನೀರಿಲ್ಲದ, ಅನಿಲವಿಲ್ಲದ, ಸಾಮಾನಿಲ್ಲದ ಬರಿಯ ಮನೆಯ ತೂಕ. ಒಂದು ಉದಾಹರಣೆ ಹಾಕಿಕೊಂಡು ಲೆಕ್ಕ ಮಾಡೋಣ. ಒಣ ತೂಕ 1,130 ಕಿಲೋ ಎಂದಿಟ್ಟುಕೊಳ್ಳಿ. 30 ಗ್ಯಾಲನ್ನಿನ ನೀರಿನ ಟ್ಯಾಂಕು ತುಂಬಿದರೆ 114 ಕಿಲೋ. ಎರಡು ಸಣ್ಣ ಸಿಲಿಂಡರುಗಳಲ್ಲಿ ಪ್ರೊಪೇನ್ ಅನಿಲ ಮಾತ್ರವೇ 18 ಕಿಲೋ. ಸೀಸದ ಬ್ಯಾಟರಿ ಎರಡಕ್ಕೆ 54 ಕಿಲೋ. ಅಂಗಡಿಯವರು ಪ್ರೀತಿಯಿಂದ ಸೇರಿಸುವ ಏಸಿ, ಬಿಸಿಲು ತಡೆಯುವ ಮಡಿಸುವ ಚಪ್ಪರ, ಸೌರಫಲಕಗಳಿಗೆ 90 ಕಿಲೋ. ಪಾತ್ರೆಪಗಡ, ಹೊದಿಕೆ, ಬಟ್ಟೆ, ಅಕ್ಕಿಬೇಳೆ, ಹತಾರಗಳಿಗೆ ಅನುಭವಿಗಳು ಇಡುವ ಅಂದಾಜು ಸುಮಾರು 225 ಕಿಲೋ. ಅಲ್ಲಿಗೆ ಕ್ಯಾಂಪರ್ 1,631 ಕಿಲೋ ಆಯಿತು. ಇಬ್ಬರು ಮನುಷ್ಯರಿಗೆ 140, ಬಿಗಿಯುವ ಸಲಕರಣೆ ಮತ್ತು ತೊಟ್ಟಿಗೆ ಹಾಸುವ ರಬ್ಬರಿಗೆ 40. ಒಟ್ಟು 1,811 ಕಿಲೋ. ಕೈಪಿಡಿಯ ಅಂಕಿಗೂ ರಸ್ತೆಯ ಅಂಕಿಗೂ ನಡುವೆ 681 ಕಿಲೋಗಳ ಅಂತರ. ಈ ಅಂತರವನ್ನು ಕೊಳ್ಳುವ ಮುಂಚೆಯೇ ಕಾಗದದ ಮೇಲೆ ಕಂಡವರು ಅರ್ಧ ಗೆದ್ದಂತೆ.

ಬಾಗಿಲ ಚೌಕಟ್ಟಿನ ಚೀಟಿ

ಈ ಭಾರವನ್ನು ಯಾವ ಟ್ರಕ್ಕು ಹೊರುತ್ತದೆ? ಜಾಹೀರಾತಿನಲ್ಲಿ ದೊಡ್ಡದಾಗಿ ಮಿನುಗುವ ಅಂಕಿ ಎಳೆಯುವ ಶಕ್ತಿಯದು. ಅರ್ಧ ಟನ್ ವರ್ಗದ ಪಿಕಪ್ಪುಗಳೂ ಇಂದು ಐದು ಟನ್ ತೂಕದ ಟ್ರೇಲರನ್ನು ಎಳೆಯಬಲ್ಲವು. ಆದರೆ ಎಳೆಯುವುದು ಬೇರೆ, ಹೊರುವುದು ಬೇರೆ. ಟ್ರೇಲರಿನ ಭಾರದ ಬಹುಪಾಲು ಅದರದ್ದೇ ಗಾಲಿಗಳ ಮೇಲಿರುತ್ತದೆ. ಕ್ಯಾಂಪರ್‌ಗೆ ಗಾಲಿಗಳೇ ಇಲ್ಲ; ಅದರ ಪ್ರತಿ ಕಿಲೋವೂ ಟ್ರಕ್ಕಿನ ಚೌಕಟ್ಟು, ಸ್ಪ್ರಿಂಗು, ಆಕ್ಸಲ್ಲು, ಟೈರುಗಳ ಮೂಲಕವೇ ನೆಲಕ್ಕಿಳಿಯಬೇಕು. ಎಂಜಿನ್ನಿನ ಬಲ ಇಲ್ಲಿ ಸಹಾಯಕ್ಕೆ ಬರುವುದಿಲ್ಲ.

ಹೊರುವ ಮಿತಿಯ ಸತ್ಯ ಸಿಗುವುದು ಡ್ರೈವರ್ ಬಾಗಿಲನ್ನು ತೆರೆದಾಗ ಚೌಕಟ್ಟಿನ ಮೇಲೆ ಕಾಣುವ ಚೀಟಿಗಳಲ್ಲಿ. ಒಂದರಲ್ಲಿ ಜಿವಿಡಬ್ಲ್ಯುಆರ್, ಅಂದರೆ ಟ್ರಕ್ಕು ತನ್ನ ಮೈತೂಕ, ಹೊರೆ, ಜನ ಎಲ್ಲ ಸೇರಿ ಮೀರಬಾರದ ಒಟ್ಟು ತೂಕ. ಅದರ ಜೊತೆಗೆ ಮುಂದಿನ ಆಕ್ಸಲ್ಲಿಗೊಂದು, ಹಿಂದಿನದಕ್ಕೊಂದು ಪ್ರತ್ಯೇಕ ಮಿತಿ. ಇನ್ನೊಂದು ಚೀಟಿಯಲ್ಲಿ, ಜನ ಮತ್ತು ಸಾಮಾನು ಸೇರಿ ಇಷ್ಟು ಕಿಲೋ ಮೀರಬಾರದು ಎಂಬ ನೇರ ವಾಕ್ಯ. ಈ ಎರಡನೆಯ ಚೀಟಿ ಕಡ್ಡಾಯವಾಗಿರುವುದು 10,000 ಪೌಂಡ್, ಅಂದರೆ 4,536 ಕಿಲೋವರೆಗಿನ ಜಿವಿಡಬ್ಲ್ಯುಆರ್ ಇರುವ ವಾಹನಗಳಿಗೆ. ಅದಕ್ಕಿಂತ ದೊಡ್ಡ ಟ್ರಕ್ಕಾದರೆ ಖಾಲಿ ಗಾಡಿಯನ್ನು ತೂಗಿ, ಒಟ್ಟು ಮಿತಿಯಿಂದ ಕಳೆದು ಲೆಕ್ಕ ಹಾಕಬೇಕು. ಕ್ಯಾಂಪರ್ ಹೊರಲು ಯೋಗ್ಯವಾದ ಟ್ರಕ್ಕುಗಳ ತಯಾರಕರು ಎಷ್ಟು ಹೊರೆ ಸಲ್ಲುತ್ತದೆ, ಅದರ ಗುರುತ್ವ ಕೇಂದ್ರ ತೊಟ್ಟಿಯ ಯಾವ ಭಾಗದಲ್ಲಿ ಬೀಳಬೇಕು ಎಂಬ ಮಾಹಿತಿಯನ್ನು ಕೊಳ್ಳುವವರಿಗೆ ಕೊಡಬೇಕೆಂದು ಅಮೆರಿಕದ ಫೆಡರಲ್ ನಿಯಮವೇ ಹೇಳುತ್ತದೆ.

ಒಂದೇ ಹೆಸರಿನ, ಒಂದೇ ವರ್ಷದ ಎರಡು ಟ್ರಕ್ಕುಗಳ ಚೀಟಿಯಲ್ಲಿ ಒಂದೇ ಅಂಕಿ ಇರಬೇಕೆಂದಿಲ್ಲ. ಉದ್ದ ಕ್ಯಾಬಿನ್, ನಾಲ್ಕು ಗಾಲಿಗೂ ಚಾಲನೆ, ಗಾಜಿನ ಛಾವಣಿ, ಚರ್ಮದ ಸೀಟು ಎಲ್ಲವೂ ಟ್ರಕ್ಕಿನ ಸ್ವಂತ ತೂಕಕ್ಕೆ ಸೇರುತ್ತವೆ; ಸ್ವಂತ ತೂಕ ಏರಿದಷ್ಟೂ ಹೊರೆಗೆ ಉಳಿಯುವ ಜಾಗ ಇಳಿಯುತ್ತದೆ. ಡೀಸೆಲ್ ಎಂಜಿನ್ ಬಹಳ ಜನರ ಕನಸು. ಬೆಟ್ಟ ಹತ್ತುವಾಗ ಅದರ ಬಲ, ಇಳಿಯುವಾಗ ಅದರ ಎಕ್ಸಾಸ್ಟ್ ಬ್ರೇಕ್ ನಿಜಕ್ಕೂ ದೊಡ್ಡ ಆಸರೆ. ಆದರೆ ಪೆಟ್ರೋಲ್ ಎಂಜಿನ್ನಿಗಿಂತ ಅದು ಸಾಕಷ್ಟು ಭಾರ. 10,000 ಪೌಂಡಿನ ಮಿತಿಗೆ ಕಟ್ಟಿಹಾಕಿದ ಮುಕ್ಕಾಲು ಟನ್ ಟ್ರಕ್ಕಿನಲ್ಲಿ ಡೀಸೆಲ್ ಎಂಜಿನ್ ಹಾಕಿಸಿದರೆ ಹೊರುವ ಮಿತಿ ಗಣನೀಯವಾಗಿ ಕುಗ್ಗುತ್ತದೆ. ಆದ್ದರಿಂದ ಮಾರಾಟಗಾರರ ಅಂಗಳದಲ್ಲಿ ಬಣ್ಣ ನೋಡುವ ಮೊದಲು ಬಾಗಿಲು ತೆರೆದು ಚೀಟಿ ಓದಬೇಕು.

ಟ್ರಕ್ಕುಗಳ ಅರ್ಧ ಟನ್, ಒಂದು ಟನ್ ಎಂಬುವು ವರ್ಗದ ಹೆಸರುಗಳಷ್ಟೇ, ಹೊರುವ ಮಿತಿಯಲ್ಲ. ಸ್ಥೂಲವಾಗಿ ಹೇಳುವುದಾದರೆ, ಎಫ್-150, ರ‍್ಯಾಮ್ 1500, ಸಿಲ್ವರಾಡೊ 1500ರಂಥ ಅರ್ಧ ಟನ್ನಿನ ಗಾಡಿಗಳಿಗೆ ಹಗುರ ಪಾಪ್-ಅಪ್ ಸಾಕು. ಎಫ್-250, 2500 ಸಾಲಿನ ಮುಕ್ಕಾಲು ಟನ್ ಟ್ರಕ್ಕುಗಳು ಸಣ್ಣ ಗಟ್ಟಿ ಗೋಡೆಯ ಕ್ಯಾಂಪರ್‌ಗೆ ಸರಿ. ನಮ್ಮ ಉದಾಹರಣೆಯ 1,811 ಕಿಲೋ ಹೊರೆಗೆ ಎಫ್-350 ಅಥವಾ 3500 ಸಾಲಿನ ಒಂದು ಟನ್ ಟ್ರಕ್ಕೇ ಬೇಕು, ಅದರಲ್ಲೂ ಅಂಕಿ ನೋಡಿ ಆರಿಸಿದ್ದು. ಗೋಡೆ ಸರಿಯುವ ದೊಡ್ಡ ಕ್ಯಾಂಪರ್‌ಗಳಿಗೆ ಹಿಂದಿನ ಆಕ್ಸಲ್ಲಿನಲ್ಲಿ ಜೋಡಿ ಗಾಲಿಗಳಿರುವ ಡ್ಯೂಯಲಿಯೇ ನೆಲೆ. ನಾಲ್ಕು ಟೈರುಗಳು ಹೊರೆಯನ್ನು ಹಂಚಿಕೊಳ್ಳುತ್ತವೆ; ಅಗಲವಾಗಿ ಊರಿದ ನೆಲೆಯಿಂದಾಗಿ ಪಕ್ಕಕ್ಕೆ ವಾಲುವುದು ಕಡಿಮೆಯಾಗುತ್ತದೆ.

ಮುಂಭಾರ, ಹಿಂಭಾರ

ಎಷ್ಟು ಭಾರ ಎಂಬುದರಷ್ಟೇ ಮುಖ್ಯ ಆ ಭಾರ ಎಲ್ಲಿ ಕೂರುತ್ತದೆ ಎಂಬುದು. ಎತ್ತಿನ ಗಾಡಿಗೆ ಹುಲ್ಲು ಹೇರಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಭಾರವಾದರೆ ನೊಗ ಎತ್ತಿನ ಹೆಗಲಿನಿಂದ ಮೇಲೇಳುತ್ತದೆ, ಮುಂಭಾರವಾದರೆ ಹೆಗಲು ನುರಿಯುತ್ತದೆ. ಟ್ರಕ್ಕಿನಲ್ಲಿ ಆ ಹೆಗಲಿನ ಜಾಗದಲ್ಲಿರುವುದು ಮುಂದಿನ ಗಾಲಿಗಳು. ಕ್ಯಾಂಪರ್‌ನ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್ಲಿಗಿಂತ ಹಿಂದಕ್ಕೆ ಬಿದ್ದರೆ ಮುಂದಿನ ಗಾಲಿಗಳ ಮೇಲಿನ ತೂಕ ಕಡಿಮೆಯಾಗುತ್ತದೆ. ಸ್ಟೀರಿಂಗ್ ಹಗುರಾಗಿ, ತಿರುಗಿಸಿದ ಕಡೆಗೆ ಗಾಡಿ ತಟ್ಟನೆ ತಿರುಗದೆ ತೇಲಿದಂತಾಗುತ್ತದೆ. ಬ್ರೇಕ್ ಹಿಡಿದಾಗ ಮುಂದಿನ ಟೈರುಗಳ ಹಿಡಿತವೂ ಕುಗ್ಗುತ್ತದೆ. ಆ ಕೇಂದ್ರವು ಹಿಂದಿನ ಆಕ್ಸಲ್ಲಿನ ಮೇಲೆ, ಇಲ್ಲವೇ ಅದಕ್ಕಿಂತ ತುಸು ಮುಂದಕ್ಕೆ ಬಿದ್ದರೆ ಗಾಡಿ ಸ್ಥಿರ.

ತಯಾರಕರು ಕ್ಯಾಂಪರ್‌ನ ಪಕ್ಕದಲ್ಲಿ ಈ ಕೇಂದ್ರವನ್ನು ಗುರುತಿಸಿ ಚೀಟಿ ಅಂಟಿಸಿರುತ್ತಾರೆ. ಎಂಟು ಅಡಿಯ ಉದ್ದ ತೊಟ್ಟಿಗೆಂದು ರೂಪಿಸಿದ ಕ್ಯಾಂಪರನ್ನು ಆರೂವರೆ ಅಡಿಯ ಗಿಡ್ಡ ತೊಟ್ಟಿಯಲ್ಲಿ ಕೂರಿಸುವ ಆಸೆಗೆ ಇದೇ ಅಡ್ಡಿ. ಮನೆಯ ಬಾಲ ಹೊರಚಾಚಿ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಒಳಗೆ ಸಾಮಾನು ಜೋಡಿಸುವಾಗಲೂ ಇದೇ ಎಚ್ಚರ ಬೇಕು. ಭಾರದ ಹತಾರ, ಡಬ್ಬಿಗಟ್ಟಿದ ಆಹಾರ ಮುಂದಕ್ಕೆ ಮತ್ತು ಕೆಳಕ್ಕೆ. ಹಗುರವಾದ ಹೊದಿಕೆ, ಬಟ್ಟೆ ಮೇಲಕ್ಕೆ. ಹಿಂಬದಿಯ ಬಂಪರಿಗೆ ನೇತುಹಾಕುವ ಮೋಟರ್‌ಸೈಕಲ್ ತನ್ನ ತೂಕಕ್ಕಿಂತ ಹೆಚ್ಚಿನ ಕೆಡುಕು ಮಾಡುತ್ತದೆ. ಆಕ್ಸಲ್ಲಿನಿಂದ ಅಷ್ಟು ದೂರ ನೇತಾಡುವ ಭಾರ ಸನ್ನೆಗೋಲಾಗಿ ಮುಂಭಾಗವನ್ನು ಎತ್ತುತ್ತದೆ.

ಎಲ್ಲ ಭಾರವೂ ಟೈರಿನ ಮೇಲೆ

ಟ್ರಕ್ಕನ್ನು ಈ ಹೊರೆಗೆ ಸಿದ್ಧಗೊಳಿಸುವ ಸುಧಾರಣೆಯ ಕೆಲಸ ಟೈರಿನಿಂದ ಶುರುವಾಗಬೇಕು. ಟೈರಿನ ಮೈಮೇಲೆ ಅಳತೆಯ ಪಕ್ಕದಲ್ಲಿ ಅದರ ಭಾರಸೂಚ್ಯಂಕ ಅಚ್ಚಾಗಿರುತ್ತದೆ. 121 ಎಂದಿದ್ದರೆ ಒಂದು ಟೈರು 1,450 ಕಿಲೋ ಹೊರಬಲ್ಲದು. 125 ಎಂದಿದ್ದರೆ 1,650 ಕಿಲೋ. ನಮ್ಮ ಉದಾಹರಣೆಗೆ ಬರೋಣ. ಖಾಲಿ ಟ್ರಕ್ಕಿನ ಹಿಂದಿನ ಆಕ್ಸಲ್ಲಿನ ಮೇಲೆ 1,300 ಕಿಲೋ ಇತ್ತೆಂದುಕೊಳ್ಳಿ. 1,631 ಕಿಲೋ ಕ್ಯಾಂಪರ್‌ನ ಭಾರ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೇ ಬೀಳುತ್ತದೆ. ಅಲ್ಲಿಗೆ ಹಿಂದಿನ ಎರಡು ಟೈರುಗಳ ಪಾಲಿಗೆ ಬಂದದ್ದು ಸುಮಾರು 2,900 ಕಿಲೋ. 121ರ ಜೋಡಿಯ ಪೂರ್ತಿ ಸಾಮರ್ಥ್ಯವೂ ಅಷ್ಟೇ, 2,900. ಉಳಿಕೆ ಸೊನ್ನೆ. 125ರ ಜೋಡಿ ಹಾಕಿದರೆ 3,300, ಅಂದರೆ 400 ಕಿಲೋ ಉಳಿತಾಯ. ಬೇಸಿಗೆಯ ಮಧ್ಯಾಹ್ನ ನೆವಾಡಾದ ಮರುಭೂಮಿಯಲ್ಲಿ ಕಾದ ಡಾಂಬರಿನ ಮೇಲೆ ಗಂಟೆಗಟ್ಟಲೆ ಓಡುವಾಗ ಟೈರನ್ನು ಕಾಪಾಡುವುದು ಈ ಉಳಿತಾಯವೇ.

ಈ ಸೂಚ್ಯಂಕ ಸಲ್ಲುವುದು ಗಾಳಿಯ ಒತ್ತಡ ಸರಿಯಾಗಿದ್ದಾಗ ಮಾತ್ರ. ಲೋಡ್ ರೇಂಜ್ ಇ ದರ್ಜೆಯ ಟೈರು ಪೂರ್ತಿ ಹೊರೆ ಹೊರಲು ಸಾಮಾನ್ಯವಾಗಿ 80 ಪಿಎಸ್ಐ ಬೇಕು. ಅದನ್ನು ಅಳೆಯಬೇಕಾದದ್ದು ಹೊರಡುವ ಮುಂಚೆ, ಟೈರು ತಣ್ಣಗಿದ್ದಾಗ. ಟೈರಿಗೆ ತಕ್ಕ ಚಕ್ರವೂ ಬೇಕು, ಏಕೆಂದರೆ ಚಕ್ರಕ್ಕೂ ತನ್ನದೇ ಭಾರಮಿತಿ ಇದೆ. ನೋಟಕ್ಕೆಂದು ಹಾಕಿದ ಅಲಂಕಾರದ ಚಕ್ರಗಳು ಈ ಪರೀಕ್ಷೆಯಲ್ಲಿ ಸೋಲಬಹುದು. ಹಳೆಯ ಟ್ರಕ್ಕು ಕೊಂಡವರು ಟೈರಿನ ವಯಸ್ಸನ್ನೂ ನೋಡಬೇಕು. ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಅಕ್ಷರಗಳ ಸಾಲಿನ ಕೊನೆಗೆ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲಿನ ಗೀರು ಎಷ್ಟೇ ಆಳವಿದ್ದರೂ ಮುದಿ ರಬ್ಬರನ್ನು ನಂಬಿ ಮನೆ ಹೊರಿಸಬಾರದು.

ಸ್ಪ್ರಿಂಗು, ಬಾರು, ಗಾಳಿಚೀಲ

ಈಗ ಸಸ್ಪೆನ್ಷನ್. ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ: ಯಾವ ಸಲಕರಣೆ ಸೇರಿಸಿದರೂ ಬಾಗಿಲ ಚೀಟಿಯ ಅಂಕಿ ಬದಲಾಗುವುದಿಲ್ಲ. ಈ ಸಲಕರಣೆಗಳು ಮಿತಿಯೊಳಗಿನ ಹೊರೆಯನ್ನು ಚೆನ್ನಾಗಿ ಹೊರಲು ಕಲಿಸುತ್ತವೆ. ಹಿಂದಿನ ಸ್ಪ್ರಿಂಗಿನ ಜೊತೆ ಗಾಳಿಚೀಲ ಹಾಕಿ ಹಿಂಭಾಗ ಎತ್ತಿದ ಮಾತ್ರಕ್ಕೆ ಆಕ್ಸಲ್ಲಾಗಲಿ ಬ್ರೇಕಾಗಲಿ ಬಲಿಷ್ಠವಾಗುವುದಿಲ್ಲ. ಹೊಸ ಟ್ರಕ್ಕು ಕೊಳ್ಳುವವರಿಗೆ ಉತ್ತಮ ದಾರಿ ಕಾರ್ಖಾನೆಯಲ್ಲೇ ಇದೆ. ಫೋರ್ಡ್ ತನ್ನ ಸೂಪರ್ ಡ್ಯೂಟಿ ಸಾಲಿಗೆ ಗಟ್ಟಿ ಸ್ಪ್ರಿಂಗು ಮತ್ತು ಹಿಂದಿನ ಸ್ಟೆಬಿಲೈಜರ್ ಬಾರ್ ಇರುವ ಕ್ಯಾಂಪರ್ ಪ್ಯಾಕೇಜನ್ನು ಕೊಡುತ್ತ ಬಂದಿದೆ. ಆರ್ಡರ್ ಮಾಡುವಾಗ ಒಂದು ಗುರುತು ಹಾಕಿದರೆ ಆಮೇಲಿನ ಎಷ್ಟೋ ಖರ್ಚು ಉಳಿಯುತ್ತದೆ.

ಈಗಾಗಲೇ ಟ್ರಕ್ಕು ಇರುವವರು ಮೊದಲು ರೋಗ ಗುರುತಿಸಬೇಕು, ಆಮೇಲೆ ಮದ್ದು. ಗಾಡಿ ಅಕ್ಕಪಕ್ಕಕ್ಕೆ ವಾಲುತ್ತಿದೆಯೇ, ಹಿಂಭಾಗ ಕುಸಿದಿದೆಯೇ, ಉಬ್ಬು ದಾಟಿದ ಮೇಲೂ ಕುಣಿಯುತ್ತಲೇ ಇದೆಯೇ? ಮೂರಕ್ಕೂ ಬೇರೆ ಬೇರೆ ಚಿಕಿತ್ಸೆ.

ಹಿಂದಿನ ಲೀಫ್ ಸ್ಪ್ರಿಂಗಿನ ಮುಖ್ಯ ಪಟ್ಟಿಗಳ ಜೊತೆ ಅತಿಭಾರಕ್ಕೆಂದು ಇನ್ನೊಂದು ಗಟ್ಟಿ ಪಟ್ಟಿ ಇರುತ್ತದೆ. ಅದು ಕೆಲಸಕ್ಕಿಳಿಯುವುದು ಗಾಡಿ ಸಾಕಷ್ಟು ಕುಸಿದ ಮೇಲೆ. ವಾಷಿಂಗ್ಟನ್ ರಾಜ್ಯದ ಟಾರ್ಕ್‌ಲಿಫ್ಟ್ ಕಂಪನಿಯ ಸ್ಟೇಬಲ್‌ಲೋಡ್ ಎಂಬ ಸರಳ ಸಾಧನ ಈ ಅಂತರವನ್ನು ತುಂಬಿ, ಆ ಪಟ್ಟಿ ಮೊದಲಿನಿಂದಲೇ ಭಾರ ಹಂಚಿಕೊಳ್ಳುವಂತೆ ಮಾಡುತ್ತದೆ. ಟ್ರಕ್ಕಿನಲ್ಲಿ ಇರುವ ಶಕ್ತಿಯನ್ನೇ ಬೇಗ ಎಚ್ಚರಗೊಳಿಸುವ ಈ ಯೋಚನೆ ನನಗೆ ಬಹಳ ಮೆಚ್ಚುಗೆಯದು. ಪಕ್ಕಕ್ಕೆ ವಾಲುವುದಕ್ಕೆ ಮದ್ದು ದಪ್ಪನೆಯ ಸ್ವೇ ಬಾರ್. ತಿರುವಿನಲ್ಲಿ ಒಂದು ಪಕ್ಕ ಕುಗ್ಗಿ ಇನ್ನೊಂದು ಪಕ್ಕ ಎದ್ದಾಗ ಈ ಉಕ್ಕಿನ ಸರಳು ತಿರುಚಿಕೊಂಡು ಎರಡನ್ನೂ ಸಮಕ್ಕೆ ಎಳೆಯುತ್ತದೆ. ಕುಣಿತಕ್ಕೆ ಮದ್ದು ಒಳ್ಳೆಯ ಶಾಕ್ ಅಬ್ಸಾರ್ಬರ್. ಖಾಲಿ ಗಾಡಿಗೊಂದು, ಹೊರೆಗೊಂದು ಎಂದು ಬಿಗಿ ಹೊಂದಿಸಬಲ್ಲವು ಕ್ಯಾಂಪರ್ ಹೊರುವವರಿಗೆ ಅನುಕೂಲ.

ಗಾಳಿಚೀಲದ ನಿಜವಾದ ಉಪಯೋಗ ಗಾಡಿಯನ್ನು ಮಟ್ಟಸವಾಗಿ ನಿಲ್ಲಿಸುವುದು. ಹಿಂಭಾಗ ಕುಸಿದು ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತಿದ್ದರೆ ಅದು ಸರಿಪಡಿಸುತ್ತದೆ. ಎಡ ಬಲ ಚೀಲಗಳಿಗೆ ಪ್ರತ್ಯೇಕ ಕೊಳವೆ ಇರಲೇಬೇಕು. ಎರಡನ್ನೂ ಒಂದೇ ಕೊಳವೆಗೆ ಜೋಡಿಸಿದರೆ ತಿರುವಿನಲ್ಲಿ ಒತ್ತಡಕ್ಕೆ ಸಿಕ್ಕ ಪಕ್ಕದ ಗಾಳಿ ಇನ್ನೊಂದು ಪಕ್ಕಕ್ಕೆ ಹರಿದು ವಾಲುವುದನ್ನು ಹೆಚ್ಚಿಸುತ್ತದೆ. ಒಮ್ಮೆಗೆ ಒಂದೇ ಸುಧಾರಣೆ ಮಾಡಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗುವುದು ಜಾಣತನ. ಎಲ್ಲವನ್ನೂ ಒಟ್ಟಿಗೆ ಹಾಕಿಸಿದರೆ ಯಾವುದು ಕೆಲಸ ಮಾಡಿತು ಎಂಬುದೇ ತಿಳಿಯುವುದಿಲ್ಲ.

ಕಟ್ಟುವ ಕಲೆ

ಮನೆಯನ್ನು ತೊಟ್ಟಿಗಿಳಿಸುವುದು ಈ ವಿದ್ಯೆಯ ಅತ್ಯಂತ ತಾಳ್ಮೆಯ ಘಟ್ಟ. ಒಬ್ಬರು ಸ್ಟೀರಿಂಗ್ ಹಿಡಿದು ಇಂಚಿಂಚಾಗಿ ಹಿಂದಕ್ಕೆ ಬರುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಎರಡೂ ಬದಿಯ ಅಂತರ ನೋಡಿ ಕೈಸನ್ನೆ ಮಾಡುತ್ತಾರೆ. ಡ್ಯೂಯಲಿಯಾದರೆ ಉಬ್ಬಿದ ಚಕ್ರದ ಕವಚಕ್ಕೆ ತಗಲದಂತೆ ಮುಂದಿನ ಜ್ಯಾಕುಗಳನ್ನು ಹೊರಕ್ಕೆ ಸರಿಸಿರಬೇಕು. ತೊಟ್ಟಿಯಲ್ಲಿ ಜಾರುವ ಪ್ಲಾಸ್ಟಿಕ್ ಹೊದಿಕೆ ಇದ್ದರೆ ತೆಗೆದು, ದಪ್ಪ ರಬ್ಬರ್ ಹಾಸು ಹಾಸುತ್ತಾರೆ. ತೊಟ್ಟಿಯ ಗೋಡೆ ಎತ್ತರವಿದ್ದು ಕ್ಯಾಂಪರ್‌ನ ಅಟ್ಟ ಟ್ರಕ್ಕಿನ ತಲೆಗೆ ತೀರಾ ಹತ್ತಿರವಾದರೆ ಗಟ್ಟಿ ಫೋಮ್ ಹಲಗೆ, ಪ್ಲೈವುಡ್ ಇಟ್ಟು ಮನೆಯನ್ನು ಎತ್ತರಿಸುತ್ತಾರೆ.

ನಂತರ ಬಿಗಿಯುವುದು. ನಾಲ್ಕು ಮೂಲೆಯ ಕೊಂಡಿಗಳಿಂದ ಟ್ರಕ್ಕಿನ ಆಧಾರಗಳಿಗೆ ಟರ್ನ್‌ಬಕಲ್ ಹಾಕಿ ತಿರುಗಿಸಿ ಬಿಗಿ ಮಾಡುತ್ತಾರೆ. ಆ ಆಧಾರಗಳು ತೊಟ್ಟಿಯ ತೆಳು ತಗಡಿಗಿಂತ ಟ್ರಕ್ಕಿನ ಉಕ್ಕಿನ ಚೌಕಟ್ಟಿಗೇ ಜೋಡಿಸಿದವಾಗಿದ್ದರೆ ಲೇಸು. ಫೋರ್ಡ್ ಸೂಪರ್ ಡ್ಯೂಟಿಯ ಮೈ 2017ರ ಮಾದರಿಯಿಂದ ಅಲ್ಯೂಮಿನಿಯಮ್ಮಿನದು. ಅಂಥ ಕಡೆ ಈ ಎಚ್ಚರ ಇನ್ನೂ ಮುಖ್ಯ. ಸ್ಪ್ರಿಂಗ್ ಇರುವ ಟರ್ನ್‌ಬಕಲ್ಲುಗಳು ಗಾಡಿಯ ಚೌಕಟ್ಟು ತಿರುಚಿದಾಗ ತುಸು ಸಡಿಲ ಕೊಟ್ಟು, ಕ್ಯಾಂಪರ್‌ನ ಮೂಲೆ ಕಿತ್ತುಬರದಂತೆ ನೋಡಿಕೊಳ್ಳುತ್ತವೆ. ಅತಿ ಬಿಗಿಯೂ ಸಡಿಲದಷ್ಟೇ ಕೇಡು. ಹೊರಟ ಮೇಲೆ ಮೊದಲ ನಿಲುಗಡೆಯಲ್ಲೇ ಇಳಿದು ನಾಲ್ಕನ್ನೂ ಮತ್ತೆ ಮುಟ್ಟಿ ನೋಡುವುದು ಅನುಭವಿಗಳ ನಿತ್ಯಕರ್ಮ.

ವೇಬ್ರಿಡ್ಜಿನ ತೀರ್ಪು

ಕಾಗದದ ಲೆಕ್ಕ ಎಷ್ಟೇ ಪ್ರಾಮಾಣಿಕವಾಗಿದ್ದರೂ ಕೊನೆಯ ತೀರ್ಪು ತಕ್ಕಡಿಯದು. ಅಮೆರಿಕದ ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜುಗಳಿವೆ; ಅಯೋವಾ ರಾಜ್ಯದ ವಾಲ್ಕಾಟ್‌ನ ಈ ಕಂಪನಿ ಶುರುವಾದದ್ದು 1977ರಲ್ಲಿ. ದೊಡ್ಡ ಲಾರಿಗಳ ಸಾಲಿನಲ್ಲಿ ಪಿಕಪ್ಪೂ ನಿಂತು, ಅಲ್ಪ ಹಣ ಕೊಟ್ಟು ತೂಗಿಸಿಕೊಳ್ಳಬಹುದು. ಮುಂದಿನ ಆಕ್ಸಲ್ಲು, ಹಿಂದಿನ ಆಕ್ಸಲ್ಲು, ಒಟ್ಟು ಎಂದು ಮೂರು ಅಂಕಿಗಳ ಚೀಟಿ ಕೈಗೆ ಬರುತ್ತದೆ. ಕ್ಯಾಂಪರ್ ಇಲ್ಲದೆ ಒಮ್ಮೆ, ನೀರು ಸಾಮಾನು ತುಂಬಿ ಹೊರಟ ದಿನ ಒಮ್ಮೆ ತೂಗಿಸಬೇಕು. ಹೊರೆ ಹೇರಿದ ಮೇಲೆ ಮುಂದಿನ ಆಕ್ಸಲ್ಲಿನ ತೂಕ ಖಾಲಿಯಿದ್ದಾಗಿನದಕ್ಕಿಂತ ಇಳಿದಿದ್ದರೆ ಹಿಂಭಾರವಾಗಿದೆ ಎಂದರ್ಥ. ಹಿಂದಿನ ಅಂಕಿ ಆಕ್ಸಲ್ಲಿನ ಮಿತಿಯನ್ನೂ ಟೈರುಗಳ ಮಿತಿಯನ್ನೂ ದಾಟಿರಬಾರದು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಜವಾದ ಮಿತಿ.

ಮಿತಿಯ ಅಂಚಿನಲ್ಲಿ ನಿಲ್ಲದೆ ಒಂದಷ್ಟು ಒಳಗೇ ಉಳಿಯುವುದಕ್ಕೆ ಕಾರಣ ರಸ್ತೆಗಳು. 1942ರಲ್ಲಿ ನಿರ್ಮಾಣವಾದ ಅಲಾಸ್ಕಾ ಹೆದ್ದಾರಿ ಡಾಸನ್ ಕ್ರೀಕ್‌ನಿಂದ ಡೆಲ್ಟಾ ಜಂಕ್ಷನ್‌ವರೆಗೆ ಸುಮಾರು 2,200 ಕಿ.ಮೀ. ಕ್ಯಾಂಪರ್‌ನವರಲ್ಲಿ ಅನೇಕರ ಬಾಳಿನ ಆಸೆ ಅದು. ನೆಲದೊಳಗಿನ ನೀರು ಹೆಪ್ಪುಗಟ್ಟಿ ಕರಗಿ ಅಲ್ಲಿನ ಡಾಂಬರು ಅಲೆಯಲೆಯಾಗಿ ಉಬ್ಬಿರುತ್ತದೆ. ಅಂಥ ಉಬ್ಬಿನಿಂದ ಗಾಡಿ ಕುಕ್ಕಿಳಿದ ಕ್ಷಣ ಸ್ಪ್ರಿಂಗು, ಟೈರುಗಳ ಮೇಲೆ ಬೀಳುವುದು ವೇಬ್ರಿಡ್ಜಿನ ಅಂಕಿಗಿಂತ ಎಷ್ಟೋ ಹೆಚ್ಚಿನ ಪೆಟ್ಟು. ವಯೋಮಿಂಗ್‌ನ ಇಂಟರ್‌ಸ್ಟೇಟ್ 80ರಲ್ಲಿ ಪಕ್ಕದಿಂದ ಬೀಸುವ ಗಾಳಿ ದೊಡ್ಡ ಲಾರಿಗಳನ್ನೇ ಉರುಳಿಸಿದೆ. ಕಾಗದದ ಮೇಲೆ ಉಳಿಸಿದ ಇನ್ನೂರು ಮುನ್ನೂರು ಕಿಲೋ ಅಲ್ಲಿ ಕೈಹಿಡಿಯುತ್ತದೆ.

ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸ್‌ನಲ್ಲೋ ನೆಲೆಸಿ, ಮಕ್ಕಳನ್ನು ಕಟ್ಟಿಕೊಂಡು ಯೊಸೆಮಿಟಿ, ಯೆಲ್ಲೊಸ್ಟೋನ್ ನೋಡಲು ಹೊರಡುವ ಕನ್ನಡಿಗರಲ್ಲಿ ಯಾರಿಗಾದರೂ ಈ ಆಸೆ ಮೂಡಿದ್ದರೆ ಒಂದು ಪುಟ್ಟ ನೋಟ್‌ಬುಕ್ ಜೊತೆಗಿಟ್ಟುಕೊಂಡು ಅಂಗಡಿಗೆ ಹೋಗಿ. ಕ್ಯಾಂಪರ್‌ನ ತುಂಬಿದ ತೂಕ, ಅದರ ಗುರುತ್ವ ಕೇಂದ್ರ, ಟ್ರಕ್ಕಿನ ಒಟ್ಟು ಮಿತಿ, ಹಿಂದಿನ ಆಕ್ಸಲ್ಲಿನ ಮಿತಿ, ಟೈರಿನ ಭಾರಸೂಚ್ಯಂಕ, ಈ ಐದನ್ನೂ ಬರೆದುಕೊಳ್ಳಿ. ಮಕ್ಕಳನ್ನು ಕೂರಿಸುವ ಸೀಟುಗಳ ಸಂಖ್ಯೆಯನ್ನೂ ಮೊದಲೇ ಎಣಿಸಿ. ಅವರ ತೂಕವೂ ಹೊರೆಯ ಲೆಕ್ಕಕ್ಕೆ ಸೇರುತ್ತದೆ. ಐದೂ ಅಂಕಿ ಒಂದಕ್ಕೊಂದು ಹೊಂದಿದರೆ ಕೊಳ್ಳಿ. ಹೊಂದದಿದ್ದರೆ ಎರಡು ದಾರಿಗಳಿವೆ: ಇನ್ನೂ ಗಟ್ಟಿಯಾದ ಟ್ರಕ್ಕು, ಇಲ್ಲವೇ ಇನ್ನೂ ಹಗುರವಾದ ಮನೆ. ಎರಡೂ ಮರ್ಯಾದೆಯ ದಾರಿಗಳೇ. ಗಾಳಿಚೀಲ ತುಂಬಿಸಿ ಅಂಕಿಯನ್ನು ಮರೆಮಾಚುವ ಮೂರನೆಯ ದಾರಿಯನ್ನು ಮಾತ್ರ ಹಿಡಿಯಬೇಡಿ. ಸಣ್ಣ ಮನೆಯಲ್ಲಿ ಹೋದವರೂ ನೋಡುವುದು ಅದೇ ಬೆಟ್ಟ, ಅದೇ ಕಾಡು. ಕ್ಷೇಮವಾಗಿ ಹಿಂತಿರುಗಿ, ಬರುವ ವರ್ಷ ಮತ್ತೆ ಹೊರಡುತ್ತಾರೆ.